ಮದಾಮ್ ಎನಿಸಿಕೊಳ್ಳದ ಸೂಲಗಿತ್ತಿ

ಫ್ರೆಂಚರ ವಸಾಹತು ದ್ವೀಪದ ಜಾಕ್ಮೆಲ್ ಬಂದರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಿಳಿಯ ಕಾಫಿ ವ್ಯಾಪಾರಿ ಲಕೂರನ ಮಹಡಿಮನೆಯಲ್ಲಿ ಆಗಷ್ಟೇ ಹುಟ್ಟಿದ ಗಂಡುಕೂಸು ಅಳುತ್ತಿಲ್ಲ, ಮೈ ನೀಲಿಗಟ್ಟುತ್ತಿದೆ. ಪಾದ್ರಿಯನ್ನು ಕರೆತರುವಷ್ಟು ಹೊತ್ತಿಲ್ಲ. ಸೂಲಗಿತ್ತಿ ಅಪೋಲಿನ್ ಬಟ್ಟಲ ನೀರನ್ನು ನೆತ್ತಿಗೆ ಸುರಿದು, ದೇವರ ಹೆಸರು ಹೇಳಿ ತಾನೇ ಕ್ರೈಸ್ತ ದೀಕ್ಷೆಯ ಜ್ಞಾನಸ್ನಾನ ಮಾಡಿಸುತ್ತಾಳೆ. ಕೂಸಿನ ಜೀವ ಹೋಗುವಂತಿದ್ದರೆ ಚರ್ಚು ಸೂಲಗಿತ್ತಿಗೆ ಆ ಅಧಿಕಾರ ಕೊಟ್ಟಿದೆ. ಆಮೇಲೆ ಬಾಯಿಗೆ ಬಾಯಿಟ್ಟು ಊದುತ್ತಾಳೆ, ಬೆನ್ನು ತಿಕ್ಕುತ್ತಾಳೆ. ಕೂಸು ಕಿಟ್ಟನೆ ಕಿರುಚುತ್ತದೆ. ಬಾಣಂತಿ ಅವಳ ಕೈ ಹಿಡಿದು ಅಳುತ್ತಾಳೆ. ಅಪೋಲಿನ್ ಹೊರಟಾಗ ಮಾತ್ರ ಆಳು ತೋರಿಸುವುದು ಹಿತ್ತಿಲ ಬಾಗಿಲನ್ನೇ.

"ಮೂವತ್ತೊಂದು ವರ್ಷದಿಂದ ಅದೇ ಬಾಗ್ಲು," ಎಂದು ನಗುತ್ತಾಳೆ ಅಪೋಲಿನ್. "ಅದರ ಮೆಟ್ಲು ಸವೆಸಿದ್ದೇ ನಾನು."

ಅವಳ ತಾಯಿ ಗುಲಾಮಳಾಗಿದ್ದು ಬಿಡುಗಡೆ ಪಡೆದವಳು. ಅಪೋಲಿನ್ ಹುಟ್ಟಿನಿಂದಲೇ ಸ್ವತಂತ್ರಳು. ವರ್ಷಕ್ಕೆ ಅರವತ್ತು ಹೆರಿಗೆ. ಗಂಡ ಕಾವಲು ಪಡೆಯಲ್ಲಿ ಸ್ವಂತ ಕುದುರೆಯೇರಿ ಇಪ್ಪತ್ತು ವರ್ಷ ಊರು ಕಾದು ಸತ್ತ. ಬದುಕಿರುವಾಗ ಬಿಳಿಯರ ಪಂಕ್ತಿಯಲ್ಲಿ ಕೂರುವ ಯೋಗ್ಯತೆ ಅವನಿಗಿರಲಿಲ್ಲ. ತೆರಿಗೆ ಕೊಡುವಾಗ ಪ್ರಜೆ, ಹಕ್ಕು ಕೇಳಿದರೆ ಆಫ್ರಿಕದ ರಕ್ತ! ಇದನ್ನು ನಾಚಿಕೆಗೇಡು ಎನ್ನದೆ ಇನ್ನೇನೆನ್ನಬೇಕು? ಮನುಷ್ಯರೆಲ್ಲ ಸಮಾನರು ಎಂದು ಕಳೆದ ವರ್ಷ, 1789ರಲ್ಲಿ, ಫ್ರಾನ್ಸಿನಲ್ಲಿ ಬರೆದಾಯಿತು. ಈ ವಸಾಹತಿನ ದೊರೆಗಳು ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾರೆ.

ಭಾನುವಾರ ಚರ್ಚಿನಲ್ಲಿ ಪಾದ್ರಿ ದಾಖಲೆ ಪುಸ್ತಕ ತೆರೆದು ಬರೆಯುತ್ತಾರೆ. ತಂದೆ, ಮುಸ್ಯೂ ಲಕೂರ್. ತಾಯಿ, ಮದಾಮ್ ಲಕೂರ್. ಜ್ಞಾನಸ್ನಾನ ಮಾಡಿಸಿದವಳು, ಅಪೋಲಿನ್ ಎಂಬಾಕೆ, ಮಿಶ್ರವರ್ಣದವಳು. ಕೆಳಗೆ ಅವಳ ರುಜು ಬೇಕು.

"ನನಗೂ ಮದಾಮ್ ಅಂತ ಬರೀರಿ ಪಾದ್ರಿಗಳೇ, ರುಜು ಹಾಕ್ತೀನಿ."

"ಮದಾಮ್ ಅನ್ನೋ ಗೌರವ ಬಿಳಿ ಹೆಂಗಸರಿಗೆ ಮಾತ್ರ. ನಿಮ್ಮವರಿಗೆ ಹಾಗೆ ಬರೆಯೋಕೆ ಕಾನೂನು ಬಿಡಲ್ಲಮ್ಮ."

ಲಕೂರ್ ಕೆಂಡವಾಗುತ್ತಾನೆ. "ಏಯ್ ಮುದುಕಿ, ಎಷ್ಟು ಕೊಬ್ಬು ನಿಂಗೆ! ಹಾಕು ರುಜು. ಇಲ್ಲಾಂದ್ರೆ ಈ ಊರಲ್ಲಿ ಒಂದು ದೊಡ್ಡ ಮನೆಯವರೂ ನಿನ್ನ ಕರೀದ ಹಾಗೆ ಮಾಡ್ತೀನಿ."

"ಮಾಡಿ ದಣಿ. ನಿಮ್ಮ ಮಗನ ಬಾಯಿಗೆ ಉಸಿರು ಊದುವಾಗ ನನ್ನ ಬಣ್ಣ ಯಾವುದು ಅಂತ ಯಾರೂ ಕೇಳ್ಲಿಲ್ಲ."

ಅವಳು ರುಜು ಹಾಕದೆ ಎದ್ದು ಬರುತ್ತಾಳೆ. ಲಕೂರ್ ಆಡಿದ್ದನ್ನು ಮಾಡಿ ತೋರಿಸಿದ್ದಾನೆ. ಮೂರು ತಿಂಗಳಿಂದ ಯಾವ ಮಹಡಿಮನೆಯಿಂದಲೂ ಅಪೋಲಿನ್‌ಗೆ ಕರೆ ಬಂದಿಲ್ಲ.

"ಒಂದು ಗೀಟು ಎಳೆದು ಬಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಪೋಲಿನಕ್ಕ?" ಎಂದು ಪಕ್ಕದ ಮನೆಯ ಮೀನು ಮಾರುವ ರೊಸೆತ್ ಬೈಯುತ್ತಾಳೆ.

ಅಪೋಲಿನ್ ಬಾಳೆಕಾಯಿ ಸುಲಿಯುವ ಕೈಯನ್ನು ನಿಲ್ಲಿಸುವುದಿಲ್ಲ.

"ಆ ಹುಡುಗ ದೊಡ್ಡವನಾಗಿ ಮದುವೆಗೇಂತ ಆ ಪುಸ್ತಕ ತೆಗೆಸ್ತಾನಲ್ಲ, ಆವತ್ತು ತನ್ನ ತಲೆಗೆ ಮೊದಲ ನೀರು ಹಾಕಿದೋಳು ಒಬ್ಬ ಮದಾಮ್ ಅಂತ ಓದ್ಲಿ. ಬರೆಯೋಕೆ ಮನಸ್ಸಿಲ್ವಾ, ರುಜು ಜಾಗ ಖಾಲಿ ಇರ್ಲಿ. ಯಾರು, ಯಾಕೆ ಹಾಕ್ಲಿಲ್ಲ ಅಂತಾನಾದ್ರೂ ಕೇಳ್ತಾನೆ."