ಶಿವಮಲ್ಲು ಜೋಡಿಸಿದ ಸಣ್ಣ ಕಂಪ್ಯೂಟರ್

ಗುಂಡ್ಲುಪೇಟೆಯಲ್ಲಿ ಟೀವಿ ಕೆಟ್ಟರೆ ಜನ ಶಿವಮಲ್ಲುವಿನ ಅಂಗಡಿಗೆ ಹೋಗುತ್ತಾರೆ. ಶಿವಮಲ್ಲು ಇಲ್ಲದಿದ್ದರೆ ಪಕ್ಕದಲ್ಲಿರುವ ನನ್ನ ನೋಟ್‌ಬುಕ್ಕಿನ ಅಂಗಡಿಗೆ ಬಂದು ನನ್ನ ತಲೆ ತಿನ್ನುತ್ತಾರೆ. ಇಷ್ಟು ವರ್ಷ ಅವನ ಗಿರಾಕಿಗಳನ್ನು ಸ್ಟೂಲು ಕೊಟ್ಟು ಕೂರಿಸಿ, ಸಮಾಧಾನ ಹೇಳಿ ಕಳಿಸಿದವನು ನಾನು. ಅವನ ವಿಷಯ ಬರೆಯುವುದಕ್ಕೆ ನನಗಿಂತ ಹಕ್ಕುದಾರ ಯಾರಿದ್ದಾರೆ?

ರೇಡಿಯೋ ಬಿಚ್ಚುತ್ತ ದೊಡ್ಡವನಾದ ಮನುಷ್ಯ ಅವನು. ರೇಡಿಯೋ ಹೋಗಿ ಟೀವಿ ಬಂದಾಗ ಟೀವಿ ಕಲಿತ, ಆಮೇಲೆ ಕಂಪ್ಯೂಟರ್ ಕಲಿತ. ಮಾತು ಕಡಿಮೆ, ಬೀಡಿ ಜಾಸ್ತಿ. ಹೇಳಿದ ದಿನಕ್ಕೆ ಕೆಲಸ ಮುಗಿಸಿದ್ದನ್ನು ನಾನಂತೂ ಕಂಡಿಲ್ಲ, ಮುಗಿಸಿದ ಕೆಲಸ ವಾಪಸ್ ಬಂದದ್ದನ್ನೂ ಕಂಡಿಲ್ಲ. ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಹೆಣ್ಣಿಲ್ಲ. ಆ ಕೊರತೆಯನ್ನು ಅಕ್ಕನ ಮಗಳು ರಮ್ಯಳಲ್ಲಿ ತೀರಿಸಿಕೊಂಡಿದ್ದ. ಅಕ್ಕ ಮಲ್ಲಾಜಮ್ಮನನ್ನು ಸಂತೆಮರಹಳ್ಳಿಗೆ ಕೊಟ್ಟಿದ್ದರು. ರಜೆ ಬಂದರೆ ರಮ್ಯ ಗುಂಡ್ಲುಪೇಟೆಗೆ ಬಂದು ಮಾವನ ಅಂಗಡಿಯ ಮೂಲೆಯಲ್ಲಿ ಕೂತು ಕೀಬೋರ್ಡ್ ಕುಟ್ಟುತ್ತಿದ್ದಳು. ಹಾಗೆ ಕುಟ್ಟಿ ಕುಟ್ಟಿಯೇ ಚಾಮರಾಜನಗರದ ಒಂದು ಪ್ರೆಸ್ಸಿನಲ್ಲಿ ಕನ್ನಡ ಟೈಪಿಂಗ್ ಕೆಲಸಕ್ಕೆ ಸೇರಿದಳು. ಲಗ್ನಪತ್ರಿಕೆ, ಪಂಚಾಯ್ತಿ ವರದಿ, ಸಂಘದ ಕರಪತ್ರ ಎಲ್ಲವೂ ಅವಳ ಕೈಯಿಂದಲೇ. ತಪ್ಪಿಲ್ಲದೆ ಟೈಪ್ ಮಾಡುತ್ತಾಳೆ ಎಂದು ಹೆಸರಾಯಿತು.

ಎರಡು ಸಾವಿರದ ಒಂಬತ್ತರ ಬೇಸಿಗೆಗೆ ಅವಳ ಮದುವೆ ಗೊತ್ತಾಯಿತು. ಗಂಡು ಉಮ್ಮತ್ತೂರಿನ ಕನಕರಾಜು, ಚಾಮರಾಜನಗರದಲ್ಲಿ ಗೊಬ್ಬರದ ಅಂಗಡಿಯ ಲೆಕ್ಕ ಬರೆಯುವವನು. ಹುಡುಗ ಸಾಧು. ಆದರೆ ಅವನ ತಾಯಿ ಗುರುಮಲ್ಲಮ್ಮನವರು ಮೊದಲೇ ಒಂದು ಮಾತು ಹೇಳಿದ್ದರು: ಸೊಸೆ ದಿನಾ ಬಸ್ಸು ಹತ್ತಿ ಕೆಲಸಕ್ಕೆ ಹೋಗುವುದು ಬೇಡ. ರಮ್ಯ ಮದುವೆಗೆ ಒಪ್ಪಿದಳು. ಆಮೇಲೆ ಮಾವನ ಅಂಗಡಿಗೆ ಬಂದು ಅತ್ತಳು. ನಾನು ನೋಡಿಯೂ ನೋಡದವನ ಹಾಗೆ ನೋಟ್‌ಬುಕ್ ಜೋಡಿಸುತ್ತ ನಿಂತಿದ್ದೆ. ಮನೆಯಲ್ಲೇ ಒಂದು ಕಂಪ್ಯೂಟರ್ ಇದ್ದರೆ ಪ್ರೆಸ್ಸಿನವರು ಕೆಲಸ ಕಳಿಸುತ್ತಾರಂತೆ, ಕನಕರಾಜು ಪೆನ್‌ಡ್ರೈವಿನಲ್ಲಿ ತಂದುಕೊಡಲು ಒಪ್ಪಿದ್ದಾನಂತೆ. ಮದುವೆಗೆ ಸೋದರಮಾವ ಏನಾದರೊಂದು ಕೊಡಲೇಬೇಕಲ್ಲ, ಕಂಪ್ಯೂಟರನ್ನೇ ಕೊಡುತ್ತೇನೆ ಎಂದು ಶಿವಮಲ್ಲು ಅಲ್ಲೇ ಮಾತು ಕೊಟ್ಟ.

ಅಲ್ಲಿಂದ ಶುರುವಾಯಿತು ನೋಡಿ ಇವನ ತಪಸ್ಸು. ಸೊಸೆಯ ಕೆಲಸಕ್ಕೆಂದು ಕಂಪ್ಯೂಟರ್ ಕೊಟ್ಟರೆ ಬೀಗರ ಮನೆಯವರು ಮೂಲೆಗೆ ಹಾಕುತ್ತಾರೆ. ಮನೆಯವರೆಲ್ಲ ಸಿನಿಮಾ ನೋಡುವಂತಿದ್ದರೆ ತಾವೇ ಬೇಕು ಅನ್ನುತ್ತಾರೆ. ಹುಡುಗಿಯ ಅಪ್ಪ ಹೇಗೂ ಟೀವಿ ಕೊಡುತ್ತಿದ್ದ. ಆ ಟೀವಿಗೆ ಸಿಕ್ಕಿಸಿದರೆ ಮನೆಯೇ ಟಾಕೀಸಾಗಬೇಕು, ಹಗಲು ಹೊತ್ತು ಅದೇ ಮಿಷನ್ನಿನಲ್ಲಿ ರಮ್ಯ ಟೈಪ್ ಮಾಡಬೇಕು. ಇದು ಅವನ ಲೆಕ್ಕಾಚಾರ.

ನಿಶ್ಚಿತಾರ್ಥಕ್ಕೆ ಹೋದಾಗಲೇ ಉಮ್ಮತ್ತೂರಿನ ಮನೆಯ ಗೋಡೆಗೂಡನ್ನು ಗೇಣಿನಲ್ಲಿ ಅಳೆದು ಬಂದಿದ್ದ. ಆ ಗೂಡಿನಲ್ಲಿ ಕೂರುವಷ್ಟೇ ಪೆಟ್ಟಿಗೆ ಬೇಕು. ಹಜಾರದಲ್ಲಿ ಮಧ್ಯಾಹ್ನ ಗುರುಮಲ್ಲಮ್ಮನವರು ಮಲಗುತ್ತಾರೆ, ಆದ್ದರಿಂದ ಸದ್ದು ಇರಕೂಡದು. ಮೈಸೂರಿನ ಅಂಗಡಿಗಳನ್ನೆಲ್ಲ ಸುತ್ತಿ, ಪ್ರೊಸೆಸರ್ ಬೋರ್ಡಿಗೇ ಬೆಸೆದುಕೊಂಡು ಬರುವ ಅಂಗೈಯಗಲದ ಒಂದು ಮದರ್‌ಬೋರ್ಡ್ ಹುಡುಕಿದ. ಅದು ವೇಗದಲ್ಲಿ ದೊಡ್ಡದಲ್ಲ, ಆದರೆ ಕರೆಂಟು ಕುಡಿಯುವುದಿಲ್ಲ. ಕರೆಂಟು ಹೋದರೂ ಸಣ್ಣ ಯುಪಿಎಸ್ಸಿನಲ್ಲಿ ಸಿನಿಮಾದ ಕ್ಲೈಮ್ಯಾಕ್ಸ್ ಮುಗಿಯುವವರೆಗೆ ಓಡುತ್ತದೆ. ಚಿತ್ರ ಮೂಡಿಸಲೆಂದು ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಲಿಲ್ಲ, ಹಾಕಿದರೆ ಬಿಸಿ, ಬಿಸಿಯಾದರೆ ಫ್ಯಾನು, ಫ್ಯಾನಾದರೆ ಸದ್ದು. ಗುಯ್ಗುಟ್ಟುವ ಪವರ್ ಸಪ್ಲೈ ಬದಲು ಲ್ಯಾಪ್‌ಟಾಪಿನಂಥ ಅಡಾಪ್ಟರು ಹಾಕಿದ. ಹಾರ್ಡ್‌ಡಿಸ್ಕೂ ಲ್ಯಾಪ್‌ಟಾಪಿನದೇ. ಡಿವಿಡಿ ಡ್ರೈವನ್ನು ಸತ್ತುಹೋದ ಯಾವುದೋ ಲ್ಯಾಪ್‌ಟಾಪಿನಿಂದ ಕಿತ್ತ. ಕೀಬೋರ್ಡ್ ಕಂಡರೆ ಹೆದರುವ ಹಿರಿಯರಿಗೆಂದು ಒಂದು ರಿಮೋಟು. ಟೀವಿಯಲ್ಲಿ ಒತ್ತಕ್ಷರ ಮಸುಕಾಗಿ ಕಾಣುತ್ತದೆ, ಟೈಪ್ ಮಾಡುವವಳ ಕಣ್ಣು ಹೋಗುತ್ತದೆ ಎಂದು ಬಾಗಿಲು ಮುಚ್ಚಿದ ಒಂದು ಬ್ರೌಸಿಂಗ್ ಸೆಂಟರಿನಿಂದ ತೆಳ್ಳನೆಯ ಹಳೆ ಮಾನಿಟರ್ ತಂದ. ಅದನ್ನು ರಮ್ಯಳ ಸೀರೆಗಳ ಜೊತೆ ಟ್ರಂಕಿನಲ್ಲಿ ಕಳಿಸುವುದೆಂದಾಯಿತು.

ಕೆಲಸ ಮುಗಿದ ಸಂಜೆ ನನ್ನನ್ನು ಕರೆದು ತೋರಿಸಿದ. ಅವನ ಅಂಗಡಿಯ ಹಳೆ ಟೀವಿಯಲ್ಲಿ ಬಣ್ಣಬಣ್ಣದ ಚಿತ್ರ ಓಡುತ್ತಿತ್ತು, ಪಕ್ಕದಲ್ಲಿದ್ದ ಪೆಟ್ಟಿಗೆಯಿಂದ ಉಸಿರಿನಷ್ಟೂ ಸದ್ದಿಲ್ಲ. ಕಿವಿ ಹತ್ತಿರ ಇಟ್ಟು ನೋಡಿದೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ಒಬ್ಬ ಹೆಣ್ಣುಮಗಳು ಕೆಲಸ ಬಿಡಬಾರದು ಎಂದು ಇಷ್ಟು ಯೋಚಿಸುವ ಮಾವ ನಮ್ಮ ಮನೆಯ ಹುಡುಗಿಯರಿಗೆ ಯಾರೂ ಇರಲಿಲ್ಲ.

ಮಲ್ಲಾಜಮ್ಮ ಬಟ್ಟೆ ತೆಗೆಯಲು ಪೇಟೆಗೆ ಬಂದವರು ಅಂಗಡಿಗೂ ಬಂದರು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನವರು ಕೊಟ್ಟ ಸಾಮಾನನ್ನು ಮಂಟಪದ ಒಂದು ಬದಿಗೆ ಸಾಲಾಗಿ ಇಡುತ್ತಾರೆ. ಮಂಚ, ಬೀರು, ಟೀವಿ, ಹೆಸರು ಕೊರೆಸಿದ ಪಾತ್ರೆ. ಬಂದವರು ಹೆಣ್ಣುಗಂಡಿಗೆ ಅಕ್ಷತೆ ಹಾಕಿ ನೇರ ಅಲ್ಲಿಗೇ ಹೋಗಿ, ಯಾರು ಏನು ಕೊಟ್ಟರು ಎಂದು ಕಣ್ಣಲ್ಲೇ ತೂಗುತ್ತಾರೆ. ನನಗೆ ಈ ಪದ್ಧತಿ ಕಂಡರೆ ಮೈಯೆಲ್ಲ ಉರಿಯುತ್ತದೆ. ಆದರೂ ಕರೆದ ಮದುವೆಗೆಲ್ಲ ಹೋಗಿ ನಾನೂ ನೋಡಿ ಬರುತ್ತೇನೆ, ಅದು ಬೇರೆ ಮಾತು. ಮಲ್ಲಾಜಮ್ಮ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು.

"ಇದೇನ್ಲಾ ಇದು, ಊಟದ ಡಬ್ಬಿ ಇದ್ದಂಗದೆ? ಬೀರು ಪಕ್ಕ ಇಟ್ರೆ ಯಾರ್ ಕಣ್ಗೆ ಕಾಣ್ತದೆ? ಸೋದರಮಾವ ಏನೂ ಕೊಡ್ನಿಲ್ಲ ಅಂತಾರೆ ಕಣ್ಲಾ."

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ನಾನು ನಡುವೆ ಬಾಯಿ ಹಾಕಿದೆ. ಅಕ್ಕತಮ್ಮ ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಸದ್ದು, ಬಿಸಿ, ಕರೆಂಟು, ಗೂಡು ಎಲ್ಲವನ್ನೂ ಯೋಚಿಸಿದ್ದ ಶಿವಮಲ್ಲು ಮಂಟಪವನ್ನು ಮಾತ್ರ ಯೋಚಿಸಿರಲಿಲ್ಲ. ಅಕ್ಕ ಹೋದಮೇಲೆ ಬಹಳ ಹೊತ್ತು ಬೀಡಿ ಸೇದಿದ. ಮಾರನೆಯ ದಿನ ಮೊಣಕಾಲೆತ್ತರದ ಖಾಲಿ ಕರಿ ಕ್ಯಾಬಿನೆಟ್ ಡಬ್ಬವೊಂದನ್ನು ತಂದು, ಸಣ್ಣ ಮಿಷನ್ನನ್ನು ಅದರ ಹೊಟ್ಟೆಯೊಳಗೆ ಸ್ಕ್ರೂ ಹಾಕಿ ಕೂರಿಸಿ, ಮುಂದೆ ನೀಲಿ ದೀಪಗಳನ್ನು ಹಚ್ಚಿದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದೆ. ನಿನ್ನ ಪಾಡಿಗೆ ನೋಟ್‌ಬುಕ್ ಮಾರು ಎಂದ.

ಮಂಟಪದಲ್ಲಿ ಮಾತ್ರ ಅದರದೇ ದರ್ಬಾರು. ಮಕ್ಕಳು ನೀಲಿ ದೀಪದ ಸುತ್ತ ನೆರೆದವು, ಹಿರಿಯರು ಟೀವಿಯನ್ನು ಬಿಟ್ಟು ಇದನ್ನೇ ಮುಟ್ಟಿ ನೋಡಿದರು. ಸೋದರಮಾವ ಅಂದರೆ ಹೀಗಿರಬೇಕು ಎಂದು ಗುರುಮಲ್ಲಮ್ಮನವರೇ ಹತ್ತು ಜನರ ಮುಂದೆ ಹೇಳಿದರು. ಮಲ್ಲಾಜಮ್ಮನ ಮುಖ ನೋಡಬೇಕಿತ್ತು. ಶಿವಮಲ್ಲುವಿನ ಮುಖವೂ ಅರಳಿತ್ತು, ಸುಳ್ಳು ಯಾಕೆ ಹೇಳಲಿ.

ಮದುವೆಯಾಗಿ ಕೆಲವು ವಾರ ಕಳೆದ ಮೇಲೆ ರಮ್ಯಳ ಫೋನು ಬಂತು. ದೊಡ್ಡ ಡಬ್ಬ ಗೂಡಿನಲ್ಲಿ ಹಿಡಿಯಲಿಲ್ಲವಂತೆ. ಹಜಾರದ ಮಧ್ಯೆ ಸ್ಟ್ಯಾಂಡ್ ಮಾಡಿಸಿ ಇಟ್ಟಿದ್ದಾರೆ. ಮೇಲೆ ಕಸೂತಿ ಬಟ್ಟೆ, ಶುಕ್ರವಾರ ಶುಕ್ರವಾರ ಕುಂಕುಮ. ಬಂದವರಿಗೆಲ್ಲ ಅತ್ತೆ ಬಟ್ಟೆ ಸರಿಸಿ ತೋರಿಸುತ್ತಾರೆ. ಹಬ್ಬಹರಿದಿನಕ್ಕೆ ಕನಕರಾಜು ಒಂದು ಸಿನಿಮಾ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ದಿನಾ ಕುಟ್ಟಿದರೆ ಸವೆದುಹೋಗುತ್ತದೆ, ಅಷ್ಟು ದೊಡ್ಡ ಸಾಮಾನು ಕೆಟ್ಟರೆ ನಿನ್ನ ಮಾವನಿಗೆ ಏನು ಜವಾಬು ಹೇಳಲಿ ಎಂದು ಅತ್ತೆ ಅವಳಿಗೆ ಮುಟ್ಟಗೊಡುವುದಿಲ್ಲ. ಕೆಟ್ಟ ಹೆಂಗಸಲ್ಲ ಗುರುಮಲ್ಲಮ್ಮ. ಮರ್ಯಾದೆಯ ವಸ್ತುವನ್ನು ಮರ್ಯಾದೆಯಿಂದ ಇಟ್ಟುಕೊಂಡಿದ್ದರು, ಅಷ್ಟೇ. ಮಾನಿಟರ್ ಇನ್ನೂ ಸೀರೆಗಳ ಕೆಳಗೇ ಇತ್ತು.

"ಪ್ರೆಸ್ಸಿನೋರು ಈ ವಾರ ನೋಡ್ತೀವಿ ಅಂದವ್ರೆ ಮಾವ," ಎಂದಳಂತೆ. "ಆಮೇಲೆ ಬೇರೆ ಹುಡುಗಿಗೆ ಕೊಟ್ಬುಡ್ತಾರೆ."

ಮಾರನೆಯ ಬೆಳಿಗ್ಗೆಯೇ ಶಿವಮಲ್ಲು ಉಮ್ಮತ್ತೂರಿಗೆ ಹೊರಟ. ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ದಾರಿಯುದ್ದಕ್ಕೂ ಒಂದು ಸುಳ್ಳು ಹೊಸೆದಿದ್ದನಂತೆ. ಕಾಫಿ ಕುಡಿದು ಅದನ್ನು ಬಿಚ್ಚಿದ. ಈ ಮಿಷನ್ನು ದಿನಾ ಓಡುತ್ತಿರಬೇಕು, ಸುಮ್ಮನೆ ಇಟ್ಟರೆ ಕೆಟ್ಟುಹೋಗುತ್ತದೆ, ಆದ್ದರಿಂದ ರಮ್ಯ ದಿನಾ ಕೂತು ಟೈಪ್ ಮಾಡಿದರೆ ಒಳ್ಳೆಯದು ಎಂದ. ಗುರುಮಲ್ಲಮ್ಮ ಗಾಬರಿಯಾಗಲಿಲ್ಲ.

"ಅದ್ಕೇನಂತೆ ಬುಡಿ," ಎಂದರು. "ನಮ್ಮುಡುಗ ದಿನಾ ಬೆಳಗ್ಗೆ ಒಂದ್ ಗಳಿಗೆ ಹಾಕಿ ಆಫ್ ಮಾಡ್ತಾನೆ. ನಿಂತಿರ ಲಾರಿಯ ಸ್ಟಾರ್ಟ್ ಮಾಡಿ ಬುಡಲ್ವಾ, ಹಂಗೆ."

ಶಿವಮಲ್ಲು ಹೊಸೆದ ಸುಳ್ಳು ಅಲ್ಲಿಗೇ ಮುಗಿಯಿತು. ರಮ್ಯ ಬಾಗಿಲ ಬಳಿ ನಿಂತಿದ್ದಳು. ಮಾವನ ಕಡೆ ನೋಡಲಿಲ್ಲ. ಅವಳು ಆಸೆ ಬಿಟ್ಟಿದ್ದಾಳೆ ಎಂದು ಅವನಿಗೆ ಆಗ ಗೊತ್ತಾಯಿತಂತೆ. ಮಂಟಪದಲ್ಲಿ ತನಗೆ ಸಿಕ್ಕ ಹೊಗಳಿಕೆಯ ಬೆಲೆಯನ್ನು ಈ ಹುಡುಗಿ ತೆರುತ್ತಿದ್ದಾಳೆ, ತಾನು ಕೊಟ್ಟದ್ದನ್ನು ತಾನೇ ಕಿತ್ತುಕೊಂಡಂತಾಯಿತು ಎಂದು ಅನ್ನಿಸಿತಂತೆ. ಎದ್ದು ಹೋಗಿ ಕಸೂತಿ ಬಟ್ಟೆ ಮಡಿಸಿಟ್ಟ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಡಬ್ಬದ ಒಂದು ಬದಿಯ ತಗಡನ್ನು ಪೂರ್ತಿ ಬಿಚ್ಚಿದ. ಒಳಗೆಲ್ಲ ಖಾಲಿ. ತಳದ ಮೂಲೆಯಲ್ಲಿ ಆ ಸಣ್ಣ ಪೆಟ್ಟಿಗೆ.

"ಇಲ್ ನೋಡಿ ಅಕ್ಕಾರೆ. ಮಿಸನ್ನು ಇಷ್ಟೇಯ. ಮಿಕ್ಕಿದ್ದು ಬರೀ ತಗಡು. ಮಂಟಪದಲ್ಲಿ ನಾಕ್ ಜನಕ್ಕೆ ಕಾಣ್ಲಿ ಅಂತ ನಾನೇ ಹಿಂಗ್ ಮಾಡ್ಬುಟ್ಟೆ."

ಗುರುಮಲ್ಲಮ್ಮ ಬಗ್ಗಿ ನೋಡಿದರು. ಸಣ್ಣ ಪೆಟ್ಟಿಗೆಯನ್ನು ನೋಡಿ, ಡಬ್ಬದ ಮೇಲಿದ್ದ ಕುಂಕುಮವನ್ನು ನೋಡಿ, ಕೊನೆಗೆ ಶಿವಮಲ್ಲುವಿನ ಮುಖವನ್ನು ನೋಡಿದರು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ ಎಂದ ಶಿವಮಲ್ಲು. ಊರವರಿಗೆಲ್ಲ ಕರೆದು ಕರೆದು ತೋರಿಸಿದೆನಲ್ಲ ಎಂದು ಆಕೆ ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಇಷ್ಟುದ್ದದ್ಕಾ ನಾನು ಕಾವಲು ಕುಂತಿದ್ದು? ತಕ್ಕಂಡೋಗಮ್ಮಿ ಅದ ಒಳಕ್ಕೆ. ಏನ್ ಬರಕತೀಯೋ ಬರಕ. ಆ ತಗಡ ಮಾತ್ರ ಅವರೇ ತಕ್ಕಂಡೋಗ್ಲಿ."

ಸಿನಿಮಾ ಬೇಕಾದಾಗ ಟೀವಿಗೆ ಸಿಕ್ಕಿಸಿಕೊಳ್ಳಲು ಉದ್ದನೆಯ ವೈರು ಎಳೆದುಕೊಟ್ಟು, ಅಡುಗೆಮನೆ ಪಕ್ಕದ ಕೋಣೆಯಲ್ಲಿ ಎಲ್ಲ ಜೋಡಿಸಿ, ಕನಕರಾಜು ಪ್ರೆಸ್ಸಿನಿಂದ ತಂದಿಟ್ಟಿದ್ದ ಬರವಣಿಗೆಯ ಹಾಳೆಯನ್ನು ರಮ್ಯಳ ಮುಂದಿಟ್ಟು, ಶಿವಮಲ್ಲು ಊಟಕ್ಕೂ ನಿಲ್ಲದೆ ಹೊರಟ. ಗುರುಮಲ್ಲಮ್ಮನವರು ಊಟಕ್ಕೆ ಏಳಿ ಎಂದು ಒಂದೇ ಸಲ ಹೇಳಿದರಂತೆ. ನಮ್ಮ ಕಡೆ ಬೀಗರಿಗೆ ಒಂದೇ ಸಲ ಹೇಳಿದರೆ ಏನರ್ಥ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಖಾಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಸುದ್ದಿ ಅವನಿಗಿಂತ ಮೊದಲೇ ಫೋನಿನಲ್ಲಿ ಸಂತೆಮರಹಳ್ಳಿ ಮುಟ್ಟಿತ್ತು. ಬಸ್ಸು ನಿಂತಾಗ ಮಲ್ಲಾಜಮ್ಮ ಕಿಟಕಿಯ ಬಳಿ ಬಂದು ನಿಂತರು. ಬೀಗರ ಮುಂದೆ ನಮ್ಮ ಮಾನ ಕಳೆದೆ, ನಾಳೆ ನಾನು ಆ ಮನೆಗೆ ಯಾವ ಮುಖ ಹೊತ್ತು ಹೋಗಲಿ ಎಂದು ಎಲ್ಲರಿಗೂ ಕೇಳುವ ಹಾಗೆ ಬೈದರು. ಬಸ್ಸಿನವರೆಲ್ಲ ಅವನ ತೊಡೆಯ ಮೇಲಿನ ಡಬ್ಬವನ್ನೇ ನೋಡುತ್ತಿದ್ದರು. ಶಿವಮಲ್ಲು ಬೈಗುಳ ಮುಗಿಯುವವರೆಗೆ ಕಾದ.

"ನಿನ್ ಮಗಳು ಟೈಪ್ ಮಾಡ್ತಾವ್ಳೆ ಕಣಕ್ಕ. ಆಚೆ ಜಗಲೀಲಿ ನಿಂತು ಕಿವಿಯಾರ ಕೇಳ್ಬುಟ್ಟು ಬಂದೆ."

ಮಲ್ಲಾಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಡ್ರೈವರು ಹತ್ತಿ ಕೂತಮೇಲೆ, ಏನು ಟೈಪ್ ಮಾಡುತ್ತಿದ್ದಳು ಎಂದು ಮೆಲ್ಲಗೆ ಕೇಳಿದರಂತೆ. ಯಾರದೋ ಲಗ್ನಪತ್ರಿಕೆ ಎಂದ. ಬಸ್ಸು ಹೊರಟರೂ ಅಕ್ಕ ಕಿಟಕಿಯ ಸರಳು ಹಿಡಿದುಕೊಂಡೇ ನಾಲ್ಕು ಹೆಜ್ಜೆ ಜೊತೆಗೆ ನಡೆದರು.