ಸೋಮವಾರದ ರೋಗಿ

ಮಂಚದ ತುದಿ ದಾಟಿ ಹೊರಚಾಚಿದ ಎರಡು ಪಾದ, ಒಡೆದ ಹಿಮ್ಮಡಿ, ಬಿರುಕುಗಳೊಳಗೆ ಮೆತ್ತಿದ ವ್ಯಾಸಲೀನು. ದೊಡ್ಡ ಸಿಸ್ಟರನ್ನು ನೆನೆದರೆ ನನಗೆ ಮುಖಕ್ಕಿಂತ ಮೊದಲು ಕಾಣುವುದು ಇದು. ಅವರು ಗಂಡಸರಿಗಿಂತ ಎತ್ತರ, ಆಸ್ಪತ್ರೆಯ ಯಾವ ಮಂಚವೂ ಅವರಿಗೆ ಸಾಲುತ್ತಿರಲಿಲ್ಲ. ಆದರೂ ಪ್ರತಿ ಸೋಮವಾರ ಊಟವಾದ ಮೇಲೆ ಮೂಲೆಯ ಖಾಲಿ ಮಂಚ ಹತ್ತಿ ಮಲಗಿ, ಸಾಯಲು ಶುರು ಮಾಡುತ್ತಿದ್ದರು.

“ನಾ ಕಮಠಾಣದ ರೈತ ಅದೀನಿ. ಹೊಲದಾಗ ಹಾವು ಕಡದದ. ಕಣ್ಣು ಮುಚ್ಲಾಕತ್ತಾವ. ಏನ್ ಮಾಡ್ತೀರಿ ಮಾಡ್ರಿ.”

ಔರಾದದ ಒಂದು ಸಣ್ಣ ಖಾಸಗಿ ಆಸ್ಪತ್ರೆ ಅದು. ಡಾಕ್ಟರು ಒಬ್ಬರೇ, ಅವರೂ ಅರ್ಧ ದಿನ ಭಾಲ್ಕಿಯಲ್ಲಿರುತ್ತಿದ್ದರು. ನರ್ಸಿಂಗ್ ಮುಗಿಸಿ ಹೊಸದಾಗಿ ಸೇರಿದವರು ನಾವು ಮೂವರು, ನಮ್ಮ ಮೇಲೆ ದೊಡ್ಡ ಸಿಸ್ಟರು. ಈ ಸಾಯುವ ನಾಟಕ ಶುರುವಾದದ್ದೇ ನನ್ನ ದೆಸೆಯಿಂದ.

ಸೇರಿ ಹದಿನೈದು ದಿನವೂ ಆಗಿರಲಿಲ್ಲ. ಡಾಕ್ಟರು ಬರೆದಿಟ್ಟಿದ್ದ ಇಂಜೆಕ್ಷನ್ನನ್ನು ಒಬ್ಬ ಹೆಂಗಸಿಗೆ ಕೊಟ್ಟೆ. ಸೂಜಿ ತೆಗೆದ ಸ್ವಲ್ಪ ಹೊತ್ತಿಗೇ ಅವಳ ಮೈತುಂಬ ದದ್ದು ಎದ್ದವು, ಉಸಿರು ಸಿಳ್ಳೆಯಂತೆ ಕೇಳತೊಡಗಿತು. ಔಷಧಿ ಮೈಗೆ ಒಗ್ಗದಿದ್ದರೆ ಹೀಗಾಗುತ್ತದೆ, ಕೂಡಲೇ ತೊಡೆಗೆ ಅಡ್ರಿನಲಿನ್ ಕೊಡಬೇಕು ಎಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪಾಸಾದವಳು ನಾನು. ಅವಳನ್ನು ಅಲ್ಲೇ ಬಿಟ್ಟು ಹೊರಗೆ ಓಡಿದೆ. ಡಾಕ್ಟರು ಊರಲ್ಲಿಲ್ಲವೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಅವರ ಖಾಲಿ ಕೋಣೆಯ ಮುಂದೆ ನಿಂತು ‘ಸರ್, ಸರ್’ ಎಂದು ಕೂಗುತ್ತಿದ್ದೆ. ಅಷ್ಟರಲ್ಲಿ ದೊಡ್ಡ ಸಿಸ್ಟರು ಒಳಗೆ ಅವಳ ಕಾಲು ಎತ್ತರಿಸಿ, ಸೂಜಿ ಚುಚ್ಚಿ, ಆಕ್ಸಿಜನ್ ಹಚ್ಚಿ ಮುಗಿಸಿದ್ದರು. ಹೆಂಗಸು ಉಳಿದಳು.

ಸಂಜೆ ನಾನು ಬ್ಯಾಗು ತುಂಬಿದೆ. ಮೆಹಕರದ ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೊಬ್ಬಳೇ. ವಾಪಸ್ ಹೋದರೆ ಮತ್ತೆ ಕುರಿಗಳ ಹಿಂದೆಯೇ ಎನ್ನುವುದು ತಿಳಿದಿತ್ತು. ಕುರಿಗಳಾದರೆ ನನ್ನ ಕೈಯಲ್ಲಿ ಸಾಯುವುದಿಲ್ಲ ಎಂದುಕೊಂಡೆ. ದೊಡ್ಡ ಸಿಸ್ಟರು ಬಾಗಿಲಿಗೆ ಬಂದು ನಿಂತರು.

“ಎಲ್ಲಿಗಿ ಹೊಂಟಿ, ಮೆಹಕರದಾಕಿ?”

“ಮನಿಗ್ರಿ. ನನ್ನ ಕೈಲಿ ಆಗಂಗಿಲ್ರಿ.”

“ನಿನ್ನ ಕೈ ಬರಾಬರ್ ಅದಾವ. ಆಕಿನ್ನ ಒಬ್ಬಾಕಿನ್ನ ಬಿಟ್ಟು ಓಡಿದಿ ನೋಡು, ಅದೊಂದ ತಪ್ಪು. ಸೋಮವಾರ ತನಕ ಇರು. ಆಮ್ಯಾಲ ಹೋಗೋದಿದ್ರ ಹೋಗು.”

ಆ ಸೋಮವಾರ ಅವರು ಮೊದಲ ಸಲ ಮಂಚ ಹತ್ತಿದರು. ಒಂದು ವಾರ ಹಾವು ಕಡಿದ ರೈತ, ಇನ್ನೊಂದು ವಾರ ಫಿಟ್ಸ್ ಬಂದ ಬಸುರಿ, ಮತ್ತೊಂದು ವಾರ ಎದೆ ಹಿಡಿದುಕೊಂಡ ಮಾಸ್ತರು. ಬಸುರಿಯಾಗುವಾಗ ಹೊಟ್ಟೆಯ ಮೇಲೆ ದಿಂಬು ಕಟ್ಟಿಕೊಳ್ಳುತ್ತಿದ್ದರು. ನಾವು ನಕ್ಕರೆ ಅವರು ನಗುತ್ತಿರಲಿಲ್ಲ. ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಮಾಡಬೇಕು, ಒಂದು ಕೈ ಸದಾ ರೋಗಿಯ ಮೈಮೇಲಿರಬೇಕು. “ಕೂಗೋದಿದ್ರ ಅಲ್ಲಿಂದನೇ ಕೂಗು. ಕೈ ಬಿಡಬ್ಯಾಡ,” ಎನ್ನುತ್ತಿದ್ದರು. ತಡವರಿಸಿದೆವೋ, ಕಣ್ಣು ಮುಚ್ಚಿಕೊಂಡೇ, “ಸತ್ತೆ. ಮುಂದಿನಾಕಿ ಬಾ.” ನಾನೊಬ್ಬಳೇ ಅವರನ್ನು ಒಂಬತ್ತು ಸಲ ಕೊಂದಿದ್ದೇನೆ.

ಎಲ್ಲ ಸರಿಯಾಗಿ ಮಾಡಿದ ದಿನವೂ ಅವರು ಬೇಗ ಏಳುತ್ತಿರಲಿಲ್ಲ. “ಇನ್ನೊಂದ್ಸಲ ಮಾಡ್ರಿ,” ಎಂದು ಹಾಗೇ ಮಲಗಿರುತ್ತಿದ್ದರು. ಮುದುಕಿಗೆ ಎಷ್ಟು ಮಾಡಿದರೂ ಸಾಲದು ಎಂದು ನಾವು ಗೊಣಗುತ್ತಿದ್ದೆವು.

ಆಸ್ಪತ್ರೆಯ ಹಿಂದೆ ಎರಡು ಕೋಣೆ. ಒಂದರಲ್ಲಿ ಅವರು, ಪಕ್ಕದ್ದರಲ್ಲಿ ನಾನು; ಉಳಿದಿಬ್ಬರು ತಮ್ಮ ಮನೆಗಳಿಂದ ಬರುತ್ತಿದ್ದರು. ಅವರ ಗೋಡೆಗೆ ಬುದ್ಧನ ಕ್ಯಾಲೆಂಡರ್, ಗೂಟಕ್ಕೆ ಎರಡು ಸೀರೆ, ಒಲೆಯ ಹತ್ತಿರ ಒಂದೇ ತಾಟು. ಮದುವೆಯಾಗಿರಲಿಲ್ಲ. ಬೀದರಿನ ಮೈಲೂರಿನಲ್ಲಿ ತಮ್ಮನ ಮನೆಯಿತ್ತು, ಹೋಗಿದ್ದು ನಾನು ಕಾಣೆ. ಸಂಜೆ ಗೋಡೆಯಾಚೆ ಅವರು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ನನ್ನದು ಅವರಿಗೂ ಕೇಳುತ್ತಿದ್ದಿರಬೇಕು. ಎರಡು ವರ್ಷ ಇಬ್ಬರೂ ಒಂದೇ ಗೋಡೆಗೆ ಬೆನ್ನು ಹಚ್ಚಿ ಒಬ್ಬೊಬ್ಬರೇ ಉಂಡೆವು. ಅವರು ಕರೆಯಲಿಲ್ಲ, ನಾನು ಹೋಗಲಿಲ್ಲ.

ಒಂದು ಮಧ್ಯಾಹ್ನ ಜೇನುಹುಳು ಕಡಿದ ಕುರಿಗಾಹಿಯೊಬ್ಬನನ್ನು ಹೊತ್ತು ತಂದರು. ತುಟಿ ಬಾತು, ಅದೇ ಸಿಳ್ಳೆ ಉಸಿರು. ಡಾಕ್ಟರು ಭಾಲ್ಕಿಯಲ್ಲಿದ್ದರು. ನಾನು ಬಾಗಿಲ ಕಡೆ ನೋಡಿದೆ. ದೊಡ್ಡ ಸಿಸ್ಟರು ಅಲ್ಲೇ ನಿಂತಿದ್ದರು, ಕೈ ಹಿಂದೆ ಕಟ್ಟಿಕೊಂಡು. “ನಾ ಇಲ್ಲೇ ಅದೀನಿ,” ಎಂದರು, ಒಳಗೆ ಬರಲಿಲ್ಲ. ನಾನು ಎಡಗೈಯನ್ನು ಅವನ ಭುಜದ ಮೇಲಿಟ್ಟೆ. ಮಾಡುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಮಾಡಿದೆ, ಡಾಕ್ಟರಿಗೆ ಫೋನು ಹಚ್ಚಿರೆಂದು ಅಲ್ಲಿಂದಲೇ ಕೂಗಿದೆ. ಅವನ ಉಸಿರು ಸಲೀಸಾಯಿತು, ನೀರು ಕೇಳಿದ. ಆಮೇಲೆ ದೊಡ್ಡ ಸಿಸ್ಟರು ಚಹಾ ಕೊಡುವಾಗ ಅವರ ಮಣಿಕಟ್ಟಿನ ಮೇಲೆ ಉಗುರಿನ ನಾಲ್ಕು ಗುರುತು ಕಂಡವು. ತಮ್ಮ ಕೈಯನ್ನು ತಾವೇ ಹಿಡಿದು ನಿಲ್ಲಿಸಿಕೊಂಡಿದ್ದರು. “ಇನ್ನ ನಿನಗ ಸೋಮವಾರ ಬ್ಯಾಡ,” ಎಂದರು. ನನಗೆ ಭಾರಿ ಖುಷಿಯಾಯಿತು. ಅವರ ದನಿ ಇಳಿದಿದ್ದನ್ನು ಗಮನಿಸಲಿಲ್ಲ.

ನನಗೆ ಬೀದರಿನಲ್ಲಿ ಕೆಲಸ ಸಿಕ್ಕಿತು. ಅವರು ಕೆಲಸ ಬಿಟ್ಟು ಭಾಲ್ಕಿಯಲ್ಲಿ ಒಂದು ಕೋಣೆ ಹಿಡಿದರು. ಊರಿಗೆ ಹೋಗುವ ದಾರಿಯಲ್ಲಿ ಒಮ್ಮೆ, ಒಂದೇ ಒಂದು ಸಲ, ಇಳಿದು ನೋಡಿ ಬಂದೆ. ಸೊರಗಿದ್ದರು. ಹೊರಡುವಾಗ ಮಂಚದ ಮೇಲೆ ಒರಗಿ ಕೈ ಚಾಚಿದರು. “ನಾಡಿ ನೋಡು, ಮೆಹಕರದಾಕಿ.”

ನೋಡಿದೆ. “ಬರಾಬರ್ ಅದರಿ. ಏನೂ ಚಿಂತಿ ಮಾಡಬ್ಯಾಡ್ರಿ,” ಎಂದು ಅವರ ಕೈಯನ್ನು ಮಂಚದ ಮೇಲಿಟ್ಟೆ. ಅವರು ಅದನ್ನು ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿದ್ದರು. ಮುಂದಿನ ತಿಂಗಳು ನಿದ್ದೆಯಲ್ಲೇ ಹೋದರಂತೆ. ನನಗೆ ತಿಳಿದದ್ದು ಮಣ್ಣಾದ ಎಂಟು ದಿನಕ್ಕೆ.

ಈಗ ಹೊಸ ಹುಡುಗಿಯರಿಗೆ ಕಲಿಸಲು ನಾನೂ ಆಗಾಗ ಮಂಚದ ಮೇಲೆ ಮಲಗುತ್ತೇನೆ. ಯಾರೋ ಮಣಿಕಟ್ಟು ಹಿಡಿಯುತ್ತಾರೆ, ಯಾರೋ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತುತ್ತಾರೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ನನಗೆ ಆಗ ಏಳುವ ಮನಸ್ಸೇ ಆಗುವುದಿಲ್ಲ. ವಾರಕ್ಕೊಮ್ಮೆ ಆ ಹೊತ್ತು ಬಿಟ್ಟರೆ ದೊಡ್ಡ ಸಿಸ್ಟರ ಮೈ ಮುಟ್ಟುವವರು ಯಾರೂ ಇರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಹೀಗೆ ಮಲಗಿದ್ದಾಗಲೇ. ನಾಡಿಯನ್ನು ಪೂರ್ತಿ ಒಂದು ನಿಮಿಷ ಹಿಡಿಯಬೇಕು ಎಂದು ನನಗೆ ಕಲಿಸಿದವರು ಅವರು. ಅವರದನ್ನು ನಾನು ಕಾಲು ನಿಮಿಷ ಎಣಿಸಿ, ನಾಲ್ಕರಿಂದ ಗುಣಿಸಿ, ಬಸ್ಸಿಗೆ ಹೊರಟುಬಿಟ್ಟೆ.