ಆಲ್ಮಾಳ ಕೇಕಿಗೆ ಒಂದು ಕಿವಿ

ಆಲ್ಮಾ ಕ್ಯಾಟ್ಲೋ ಜೊತೆ ನಾನು ಇಪ್ಪತ್ತು ವರ್ಷ ಹರಟೆ ಹೊಡೆದಿದ್ದೇನೆ. ಆದರೂ ಅವಳ ದನಿ ಹೇಗಿದೆ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಹ್ಯಾಗ್‌ಶಾ ಗಿರಣಿಯಲ್ಲಿ ನಮ್ಮಿಬ್ಬರ ಮಗ್ಗಗಳು ಅಕ್ಕಪಕ್ಕ. ಬೆಳಿಗ್ಗೆ ಲಾಳಿಗಳು ಬಡಿದುಕೊಳ್ಳಲು ಶುರುಮಾಡಿದರೆ ಕಿವಿಗೆ ಬಾಯಿ ಹಚ್ಚಿ ಕಿರುಚಿದರೂ ಕೇಳಿಸದು. ಹಾಗಾಗಿ ನಾವು ನೇಕಾರ ಹೆಂಗಸರು ತುಟಿಯಲ್ಲೇ ಮಾತಾಡುತ್ತೇವೆ. ಬಾಯಿಯನ್ನು ಅಗಲಕ್ಕೆ ತೆರೆದು, ಹುಬ್ಬು ಹಾರಿಸಿ, ಒಂದೊಂದು ಮಾತನ್ನೂ ಮುಖದ ಮೇಲೆ ಕೊರೆದು ತೋರಿಸಿದರೆ ನಾಲ್ಕು ಮಗ್ಗ ಆಚೆ ನಿಂತವಳಿಗೂ ತಿಳಿಯುತ್ತದೆ. ಮ್ಯಾನೇಜರನ್ನು ಅವನ ಎದುರಿಗೇ ಬೈದು ನಗಬಹುದು. ಈ ಸುಖಕ್ಕೆ ನಾವು ಕೊಟ್ಟದ್ದು ಕಿವಿ. ನಲವತ್ತು ದಾಟುವ ಹೊತ್ತಿಗೆ ನಮ್ಮ ಬೀದಿಯಲ್ಲಿ ನೆಟ್ಟಗೆ ಕೇಳಿಸುವ ಕಿವಿ ಒಂದೂ ಉಳಿದಿರುವುದಿಲ್ಲ. ಅದಕ್ಕೆ ಯಾರೂ ಅಳುವುದಿಲ್ಲ. ಆಲ್ಮಾ ಕೂಡ ಅತ್ತಿರಲಿಲ್ಲ, ಕೇಕಿನ ವಿಷಯ ಬರುವವರೆಗೆ.

ಆಲ್ಮಾ ಹಣ್ಣಿನ ಕೇಕನ್ನು ಕಿವಿಯಿಂದ ಬೇಯಿಸುವವಳು. ಅವಳ ಅಮ್ಮನೂ ಹಾಗೆಯೇ. ಒಣದ್ರಾಕ್ಷಿ, ಬೆಣ್ಣೆ, ಕಪ್ಪು ಸಕ್ಕರೆ, ಬ್ರಾಂಡಿ ತುಂಬಿದ ಆ ಭಾರದ ಕೇಕು ಒಲೆಯೊಳಗೆ ಅರ್ಧ ದಿನ ಕೂರುತ್ತದೆ. ನಮ್ಮವು ಕಲ್ಲಿದ್ದಲ ಒಲೆಗಳು. ಗಾಳಿ ಬೀಸಿದರೆ ಕೆರಳುತ್ತವೆ, ಮಂಜು ಕವಿದರೆ ಮುನಿಸಿಕೊಳ್ಳುತ್ತವೆ, ಗಡಿಯಾರವನ್ನು ನಂಬುವ ಹಾಗಿಲ್ಲ. ಕೇಕನ್ನು ಹೊರತೆಗೆದು ಕಿವಿಯ ಹತ್ತಿರ ಹಿಡಿದರೆ, ಒಳಗೆ ಹಸಿ ಇರುವಷ್ಟು ಹೊತ್ತೂ ಅದು ಸಣ್ಣಗೆ ಚುರುಗುಟ್ಟುತ್ತಿರುತ್ತದೆ. ಕೇಕು ಹಾಡುತ್ತಿದೆ ಅನ್ನುತ್ತೇವೆ. ಹಾಡು ನಿಂತರೆ ಬೆಂದ ಹಾಗೆ. ನನ್ನಂಥವರು ಹೆಣಿಗೆಯ ಕಡ್ಡಿ ಚುಚ್ಚಿ ನೋಡುತ್ತೇವೆ. ಆಲ್ಮಾಳ ಪಾಲಿಗೆ ಅದು ಮಹಾಪಾಪ.

“ಕಡ್ಡಿ ದ್ರಾಕ್ಷಿಗೆ ತಾಗಿದ್ರೆ ಬೆಂದಿದ್ರೂ ಹಸಿ ಅನ್ನುತ್ತೆ, ಪಕ್ಕದಲ್ಲಿ ತೂರಿದ್ರೆ ಹಸಿ ಇದ್ರೂ ಬೆಂದಿದೆ ಅನ್ನುತ್ತೆ,” ಅನ್ನುತ್ತಿದ್ದಳು. “ಅದು ನಿನ್ನ ಹಾಗೇ ಕಣೇ ಐಡಾ, ಯಾರು ಸಿಕ್ಕಿದ್ರೆ ಅವರ ಪರ.”

ಯುದ್ಧ ತಂದಿಟ್ಟ ರೇಷನ್ ಕೂಪನ್ ಕಾಲ ಮುಗಿದು ಬೆಣ್ಣೆ, ಸಕ್ಕರೆ, ಮೊಟ್ಟೆ ಮತ್ತೆ ಅಂಗಡಿಯಲ್ಲಿ ಕಾಣಿಸಿಕೊಂಡ ಮೇಲೆ ಅವಳ ಮಗಳು ಡೊರೀನಳ ಮದುವೆ ಗೊತ್ತಾಯಿತು. ಗಿರಣಿಗಳೆಲ್ಲ ಬಾಗಿಲು ಹಾಕುವ ಬೇಸಿಗೆ ವಾರದಲ್ಲಿ ಮದುವೆ. ಯುದ್ಧದ ಸಮಯದಲ್ಲಿ ಆಲ್ಮಾ ತನ್ನ ತಂಗಿಯ ಮದುವೆಗೆ ಬಾಡಿಗೆಗೆ ತಂದ ರಟ್ಟಿನ ಕೇಕು ಇಟ್ಟಿದ್ದಳು. ಹೊರಗೆ ಸುಣ್ಣದ ಹೂವು, ಒಳಗೆ ಟೊಳ್ಳು. ಫೋಟೋ ತೆಗೆದ ಮೇಲೆ ಅದನ್ನು ಎತ್ತಿ ಇನ್ನೊಬ್ಬರ ಮದುವೆಗೆ ಕಳಿಸಿದ್ದನ್ನು ಅವಳು ಮರೆತಿರಲಿಲ್ಲ. ಮಗಳಿಗೆ ನಿಜವಾದ ಕೇಕನ್ನು ತನ್ನ ಕೈಯಿಂದಲೇ ಮಾಡಬೇಕೆಂದು ಅಂದೇ ಹಠ ಹಿಡಿದಿದ್ದಳು.

ಹುಡುಗ ಜೆಫ್ರಿ ಪಿಲ್ಲಿಂಗ್, ಮುಖ್ಯ ಬೀದಿಯ ಬಟ್ಟೆ ಅಂಗಡಿಯವರ ಮಗ. ನಾವು ನೇಯುತ್ತೇವೆ, ಅವರು ಮಾರುತ್ತಾರೆ. ಮಾತುಕತೆಯ ಚಹಾಕ್ಕೆ ಅವರ ಮನೆಗೆ ಹೋಗಿ ಬಂದ ಮರುದಿನ ಆಲ್ಮಾಳ ಮುಖ ನೋಡುವ ಹಾಗಿತ್ತು. ಹುಡುಗನ ತಾಯಿ, ಆ ಸೆಟೆದ ಕತ್ತಿನ ಮಿಸೆಸ್ ಪಿಲ್ಲಿಂಗ್, ತಾನಾಗಿಯೇ ‘ಕೇಕು ನೀವೇ ಮಾಡಬೇಕು’ ಎಂದು ಕೇಳಿದಳಂತೆ. ಮಧ್ಯಾಹ್ನದ ಹೊತ್ತಿಗೆ ಆ ಸುದ್ದಿ ತುಟಿಯಿಂದ ತುಟಿಗೆ ಹಾರಿ ಗಿರಣಿಯ ಆ ತುದಿ ಮುಟ್ಟಿತ್ತು.

ಮೊದಲ ಕೇಕನ್ನು ಆಲ್ಮಾ ವಸಂತದ ಒಂದು ಭಾನುವಾರ ಒಲೆಗಿಟ್ಟಳು. ಒಮ್ಮೆ ಕೇಳಿ ನೋಡೋಣವೆಂದು ಬೇಗನೇ ತೆಗೆದು ಕಿವಿಗೆ ಹಿಡಿದಳು. ಏನೂ ಇಲ್ಲ. ಒಲೆಗೆ ಇಟ್ಟು ಇನ್ನೂ ತುಸುವೇ ಹೊತ್ತಾಗಿತ್ತು, ಬೆಂದಿರುವುದು ಸಾಧ್ಯವೇ ಇಲ್ಲ. ಕೂಪನ್ ಕಾಲದಲ್ಲಿ ಇಂಥ ಕೇಕು ಮಾಡದೆ ಎಷ್ಟೋ ವರ್ಷವಾಗಿತ್ತಲ್ಲ, ತನ್ನ ಕಿವಿಗೆ ಕೇಕಿನ ಹಾಡು ದಕ್ಕುವುದಿಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಮರುದಿನ ಮಗ್ಗದ ಪಕ್ಕ ನಿಂತು ಅದನ್ನು ನನಗೆ ಹೇಳಿದಳು.

“ಜನರ ಮಾತು ತುಟಿ ನೋಡಿ ಹಿಡೀತೀನಿ. ಕೇಕಿಗೆ ತುಟಿ ಎಲ್ಲಿದೆ ಹೇಳು,” ಅಂದಳು.

ಆದರೆ ಸೋಲುವ ಹೆಂಗಸಲ್ಲ. ಆ ಭಾನುವಾರವೇ, ಅದೇ ಕೇಕಿಗೆ, ಗಂಡನನ್ನು ಒಲೆಯ ಪಕ್ಕ ಕೂರಿಸಿಕೊಂಡಳು. ವಿಲ್ಫ್ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುವವನು. ಮಗ್ಗ ರಿಪೇರಿಯವರ ದಡ್ಡತನದ ಬಗ್ಗೆ ನಮ್ಮೂರಲ್ಲಿ ಇರುವಷ್ಟು ಜೋಕು ಬೇರೆ ಯಾರ ಬಗ್ಗೆಯೂ ಇಲ್ಲ. ನೆಲಮಾಳಿಗೆಯಲ್ಲಿ ಕತ್ತಲೆ ಇದೆಯೋ ಇಲ್ಲವೋ ನೋಡಿ ಬರಲು ದೀಪ ಹಿಡಿದು ಹೋದವನು ಅವರಲ್ಲೇ ಒಬ್ಬನಂತೆ. ಆದರೆ ಮಗ್ಗದ ಸದ್ದಿನಲ್ಲೇ ಅದರ ರೋಗ ಹೇಳುವ ಕಿವಿ ವಿಲ್ಫನದು ಎಂದು ಎಲ್ಲರೂ ನಂಬಿದ್ದೆವು. ಆಲ್ಮಾ ಕೇಕನ್ನು ಅವನ ಕಿವಿಗೆ ಹಿಡಿದಳು.

“ಹಾಡ್ತಾ ಇದೆಯಾ?”

ವಿಲ್ಫ್ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಪಾದ್ರಿಯಷ್ಟು ಗಂಭೀರನಾಗಿ ಆಲಿಸಿದ. “ಹಾಡ್ತಿದೆ, ಹಾಡ್ತಿದೆ. ಒಳಗಿಡು.” ಇನ್ನೊಂದು ಸಲ ತೆಗೆದಾಗಲೂ ಹಾಡುತ್ತಿತ್ತು. ಮೂರನೆಯ ಸಲ ನಿಂತಿತ್ತು. ತಣ್ಣಗಾಗುತ್ತಿದ್ದಂತೆ ಕೇಕಿನ ನಡು ಕುಸಿಯಿತು. ಕತ್ತರಿಸಿದರೆ ಒಳಗೆ ಬರೀ ಹಸಿ ಹಿಟ್ಟು.

ವಿಲ್ಫ್ ಬೆಂಕಿಯ ಮುಂದೆ ಪೇಪರ್ ಹಿಡಿದು ಕೂತಿದ್ದ. ಆಲ್ಮಾ ಅವನಿಗೆ ಬೆನ್ನು ಮಾಡಿ, ಗೋಡೆಯ ಕನ್ನಡಿಯಲ್ಲಿ ಅವನನ್ನೇ ನೋಡುತ್ತಾ ಗಟ್ಟಿಯಾಗಿ ಹೇಳಿದಳು: “ವಿಲ್ಫ್, ನಿನ್ ಪ್ಯಾಂಟಿಗೆ ಬೆಂಕಿ ಹತ್ತಿದೆ.” ಅವನು ಪೇಪರಿನ ಹಾಳೆ ತಿರುವಿದ. “ವಿಲ್ಫ್, ನಾನು ಪೋಸ್ಟ್‌ಮನ್ ಜೊತೆ ಓಡಿಹೋಗ್ತಿದೀನಿ.” ಅವನು ಮೂಗು ತುರಿಸಿಕೊಂಡ.

ಅವಳು ತಿರುಗಿ ಅವನ ಎದುರು ಬಂದು ನಿಂತಳು. ಅವಳ ಮುಖ ನೋಡಿದ್ದೇ ಅವನಿಗೆ ಅರ್ಥವಾಯಿತು.

“ಎಷ್ಟು ದಿನದಿಂದ?” ಎಂದಳು.

“ಯುದ್ಧ ಮುಗಿದಾಗಿನಿಂದ ಇರಬೇಕು. ಮಗ್ಗಕ್ಕೆ ಅಂಗೈ ಇಟ್ರೆ ಗೊತ್ತಾಗುತ್ತೆ, ಕೆಲಸಕ್ಕೇನೂ ತೊಂದ್ರೆ ಇಲ್ಲ.”

“ನನಗ್ಯಾಕೆ ಹೇಳ್ಲಿಲ್ಲ?”

“ಕೇಳ್ಸಲ್ಲ ಅಂದಿದ್ರೆ ನೀನು ನನ್ ಹತ್ರ ಮಾತಾಡೋದೇ ಬಿಟ್ಬಿಡ್ತಿದ್ದೆ,” ಎಂದ ವಿಲ್ಫ್. “ನೀನು ಮಾತಾಡೋದು ನೋಡೋಕೆ ನಂಗಿಷ್ಟ ಕಣೇ.”

ಗಿರಣಿಯಲ್ಲಿ ಇದನ್ನು ನನಗೆ ಹೇಳುವಾಗ ಆಲ್ಮಾ ನಕ್ಕಳು, ಅತ್ತಳು, ಮಗ್ಗದಲ್ಲಿ ದಾರ ಹರಿದದ್ದನ್ನೂ ಗಮನಿಸಲಿಲ್ಲ. ನಾನು ಅವಳ ಮಗ್ಗ ನಿಲ್ಲಿಸಿದೆ.

ಡೊರೀನಳ ಕಿವಿ ಚೆನ್ನಾಗಿತ್ತು, ಅವಳು ಆಫೀಸಿನಲ್ಲಿ ಟೈಪ್ ಮಾಡುವವಳು. ಆದರೆ ಮದುವಣಗಿತ್ತಿ ಮದುವೆಯ ದಿನದವರೆಗೆ ತನ್ನ ಕೇಕಿನ ಮುಖ ನೋಡಬಾರದು ಎಂಬುದು ಆಲ್ಮಾಳ ಮನೆಯ ಪದ್ಧತಿ. ಸುಡುಗಾಡು ಪದ್ಧತಿ ಎಂದೆ. ಸರಿ, ಪೋಸ್ಟ್‌ಮನ್‌ನನ್ನಾದರೂ ಕರೆ ಎಂದೆ. ಮೊನ್ನೆ ತಾನೇ ಅವನ ಜೊತೆ ಓಡಿಹೋಗಿದ್ದೇನೆ, ಚೆನ್ನಾಗಿರುವುದಿಲ್ಲ ಎಂದಳು. ಎರಡನೆಯ ಕೇಕನ್ನು ಗಡಿಯಾರ ನೋಡಿಕೊಂಡೇ ಬೇಯಿಸಿದಳು. ಬೆಟ್ಟದ ಕಡೆಯಿಂದ ಗಾಳಿ ಬಿದ್ದು ಒಲೆ ಕೆರಳಿತು, ಕೇಕಿನ ತಳ ಇದ್ದಿಲಾಯಿತು. ಬೆಣ್ಣೆ ಹಾಳಾದ ಸಂಕಟಕ್ಕಿಂತ, ತನಗೆ ಗೊತ್ತಿದ್ದ ಒಂದೇ ಒಂದು ದೊಡ್ಡ ವಿದ್ಯೆ ಕೈಬಿಟ್ಟಿತಲ್ಲ ಎಂಬ ಸಂಕಟ ಅವಳನ್ನು ತಿಂದಿತು. ಮುಖ ಇಳಿಬಿಟ್ಟುಕೊಂಡು ಓಡಾಡುತ್ತಿದ್ದ ಅವಳನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಪಾಪ ಅಂತಲೂ ಅನ್ನಿಸುತ್ತಿತ್ತು.

ಅದೇ ವಾರ ಮಿಸೆಸ್ ಪಿಲ್ಲಿಂಗ್ ಟೋಪಿ, ಕೈಗವಸು ಸಮೇತ ನಮ್ಮ ಬೀದಿಗೆ ಬಂದಳು. ನಾನು ಆಗ ಆಲ್ಮಾಳ ಅಡುಗೆಮನೆಯಲ್ಲೇ ಇದ್ದೆ. ಅಂಗಡಿಯವರ ಮಾತಿನ ರೀತಿಯೇ ಬೇರೆ. ತುಟಿ ಅಲುಗಿಸದೆ ಹಲ್ಲಿನ ಹಿಂದೆಯೇ ಮಾತಾಡುವುದು ಅವರಿಗೆ ಮರ್ಯಾದೆ. ಅವಳು ಕೈಗವಸಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದಳು. ನನಗೆ ಒಂದಕ್ಷರ ಸಿಗಲಿಲ್ಲ. ಆಲ್ಮಾ ಅವಳ ಬಾಯಿಯನ್ನೇ ದಿಟ್ಟಿಸಿ ನೋಡಿದಳು.

“ಕೈ ತೆಗೆದು, ಬಾಯಿ ಅಗಲ ಮಾಡಿ ಹೇಳಿ. ನಮಗೆ ಕೇಳ್ಸಲ್ಲ,” ಎಂದಳು.

ಮಿಸೆಸ್ ಪಿಲ್ಲಿಂಗ್ ಕೆಂಪಾದಳು. ಆಮೇಲೆ, ದೇವರು ಮೆಚ್ಚಬೇಕು, ಬಾಯಿ ತೆರೆದಳು. “ಕೇಕಿಗೆ ಬೇಕರಿ ಅಂಗಡಿಯಲ್ಲಿ ಹೇಳಿದ್ದೇನೆ. ಆವತ್ತು ಚಹಾಕ್ಕೆ ಬಂದಾಗಲೇ ಹೇಳಿದ್ದೆನಲ್ಲ, ನೀವು ಮಾಡಬೇಡಿ ಅಂತ. ಕೆಲಸಕ್ಕೆ ಹೋಗುವವರಿಗೆ ಯಾಕೆ ತೊಂದರೆ ಅಂತ.”

ಮಾಡಬೇಡಿ. ಆ ದಿನ ಅವಳ ಅರೆಮುಚ್ಚಿದ ತುಟಿಯ ಮೇಲೆ ಆಲ್ಮಾ ‘ಮಾಡಬೇ’ ತನಕ ಓದಿದ್ದಳು, ಉಳಿದದ್ದನ್ನು ಅವಳ ಆಸೆ ತುಂಬಿಕೊಟ್ಟಿತ್ತು. ಇಡೀ ಗಿರಣಿಗೆ ಹೇಳಿಕೊಂಡು ಬಂದಿದ್ದಳು. ನಾನು ನೆಲ ನೋಡಿದೆ. ಆಲ್ಮಾ ನೋಡಲಿಲ್ಲ. ಮೇಜಿನ ಮೇಲಿದ್ದ ಸುಟ್ಟ ಕೇಕನ್ನು ಅತ್ತ ಸರಿಸಿ, ಕುರ್ಚಿ ಎಳೆದು ಹಾಕಿದಳು.

“ಕೂತ್ಕೊಳ್ಳಿ. ಒಂದು ಮಾಡಿದೆ, ಹಸಿಯಾಯ್ತು. ಇನ್ನೊಂದು ಮಾಡಿದೆ, ಸೀದ್ಹೋಯ್ತು. ಮುಚ್ಚಿಡೋಕೆ ಏನಿದೆ. ನಂಗೆ ಮಾಡೋಕೆ ಬರುತ್ತೆ, ಕೇಳೋಕೆ ಬರಲ್ಲ. ನಿಮ್ಮ ಕಿವಿ ಹೇಗಿದೆ?”

“ಚೆನ್ನಾಗಿಯೇ ಇದೆ.”

“ಹಾಗಾದ್ರೆ ಭಾನುವಾರ ಬನ್ನಿ. ನಾನು ಬೇಯಿಸ್ತೀನಿ, ನೀವು ಕೇಳಿ. ಇದೂ ಕೆಟ್ರೆ ನಿಮ್ಮ ಅಂಗಡಿ ಕೇಕು ಇಡೋಣ, ನಾನು ತುಟಿ ಪಿಟಕ್ ಅನ್ನಲ್ಲ.”

ಮಿಸೆಸ್ ಪಿಲ್ಲಿಂಗ್ ಬರುತ್ತಾಳೆಂದು ನಾನು ನಂಬಿರಲಿಲ್ಲ. ಬಂದಳು. ಅಂಥವಳ ಬಗ್ಗೆ ಅಷ್ಟು ದಿನ ಮೂಗು ಮುರಿದಿದ್ದಕ್ಕೆ ನನಗೆ ಸ್ವಲ್ಪ ಬೇಜಾರೇ ಆಯಿತು. ಆಲ್ಮಾ ಒಲೆಯಿಂದ ಕೇಕು ತೆಗೆದು ಹಿಡಿದಳು. ಮಿಸೆಸ್ ಪಿಲ್ಲಿಂಗ್ ಬಗ್ಗಿ ಕಿವಿ ಕೊಟ್ಟಳು. ಟೋಪಿಯ ಅಂಚು ಬಿಸಿ ತಗಡಿಗೆ ತಾಗಿತು. “ಟೋಪಿ ತೆಗೀರಿ ತಾಯಿ, ಅದನ್ನೂ ಬೇಯಿಸೋದು ಬೇಡ,” ಎಂದೆ. ತೆಗೆದಳು. ಒಳಗೆ ಕೂದಲು ಬೆಳ್ಳಗಾಗಿತ್ತು, ನಮ್ಮ ಹಾಗೆಯೇ.

“ಹಾಡುತ್ತಿದೆ,” ಎಂದಳು, ಆಶ್ಚರ್ಯಪಟ್ಟು.

ಸಂಜೆಯಾಗುತ್ತಾ ಬಂತು. ಇನ್ನೊಮ್ಮೆ ತೆಗೆದಾಗ ಅವಳು ಬಾಗಿಲ ಕಡೆ ಒಮ್ಮೆ ನೋಡಿ, “ಈಗ ನಿಂತ ಹಾಗಿದೆ,” ಎಂದಳು. ನಾವು ತುಟಿ ಓದುವವರು, ಕಣ್ಣನ್ನೂ ಓದುತ್ತೇವೆ. ಆಲ್ಮಾ ಕೇಕನ್ನು ಕೆಳಗಿಡಲಿಲ್ಲ.

“ನಿಂತ ಹಾಗಿದೆಯೋ, ನಿಂತಿದೆಯೋ?”

ಮಿಸೆಸ್ ಪಿಲ್ಲಿಂಗ್ ಮತ್ತೆ ಬಗ್ಗಿದಳು. ಈ ಸಲ ಎರಡು ಕಣ್ಣೂ ಮುಚ್ಚಿದಳು. “ಇಲ್ಲ. ನಡುವಿನಲ್ಲಿ ಇನ್ನೂ ಇದೆ. ತಪ್ಪಾಯಿತು.”

“ಮನೆಗೆ ಹೋಗ್ಬೇಕಾ?”

“ಹೋಗಬೇಕು. ಆದರೆ ಹೋಗುವುದಿಲ್ಲ.”

ಆಲ್ಮಾ ಕೇಕನ್ನು ಒಳಗಿಟ್ಟು ಒಲೆಯ ಬಾಗಿಲು ಮುಚ್ಚಿದಳು. ಚಹಾ ಮಾಡಿಕೊಟ್ಟಳು. ಚಹಾ ಕುಡಿಯುತ್ತಾ, ತಡೆದು ತಡೆದು ಕೇಳಿದಳು: “ಅದರ ಸದ್ದು ಹೇಗಿದೆ, ಹೇಳ್ತೀರಾ? ನಾನು ಕೇಳಿ ಬಹಳ ಕಾಲ ಆಯ್ತು.”

ಮಿಸೆಸ್ ಪಿಲ್ಲಿಂಗ್ ಬಟ್ಟಲನ್ನು ಕೆಳಗಿಟ್ಟು ಯೋಚಿಸಿದಳು. ಆಮೇಲೆ ಬಾಯಿಯನ್ನು ಅಗಲಕ್ಕೆ ತೆರೆದು, ಹುಬ್ಬು ಏರಿಸಿ, ನಮ್ಮ ಗಿರಣಿಯವಳೇ ಆಗಿಬಿಟ್ಟ ಹಾಗೆ ಒಂದೊಂದೇ ಮಾತು ತೋರಿಸಿದಳು. “ಕಿಟಕಿ ಮುಚ್ಚಿಕೊಂಡು ಮಲಗಿದಾಗ, ಹೊರಗೆ, ದೂರದಲ್ಲಿ, ಸಣ್ಣ ಮಳೆ ಬಂದ ಹಾಗೆ.”

“ಹೌದು,” ಎಂದಳು ಆಲ್ಮಾ. “ಅದೇ.”

ಮುಂದಿನ ಸಲ ಹಾಡು ನಿಂತಿತ್ತು. ಈ ಬಾರಿ ಆಲ್ಮಾ ಎರಡನೆಯ ಮಾತು ಕೇಳದೆ ಕೇಕನ್ನು ಮೇಜಿನ ಮೇಲಿಟ್ಟಳು. ಅದು ಕುಸಿಯಲಿಲ್ಲ. ಆದರೆ ಒಳಗಿನ ಸಂಗತಿ ಕತ್ತರಿಸುವವರೆಗೆ ಯಾರಿಗೆ ಗೊತ್ತು? ಕಡ್ಡಿ ಚುಚ್ಚಲು ಅವಳು ನನಗೆ ಬಿಡಲಿಲ್ಲ. ಅಂಗಡಿಯ ಕೇಕನ್ನು ಬೇಡವೆಂದು ಹೇಳಿಸಿದಳು. ವಾರ ವಾರವೂ ಕೇಕಿಗೆ ಬ್ರಾಂಡಿ ಕುಡಿಸಿದಳು, ಬಾದಾಮಿಯ ಪದರ ಹೊದಿಸಿದಳು, ಬಿಳಿ ಸಕ್ಕರೆಯ ಪದರ ಬಳಿದಳು. ಇಷ್ಟರಲ್ಲಿ ಅವಳ ತೂಕ ಇಳಿದುಹೋಗಿತ್ತು.

ಮದುವೆಯ ದಿನ ಚರ್ಚಿನ ಪಕ್ಕದ ಹಾಲ್ ತುಂಬಿತ್ತು. ಒಂದು ಕಡೆ ಗಿರಣಿಯವರು, ಇನ್ನೊಂದು ಕಡೆ ಅಂಗಡಿಯವರು. ಡೊರೀನ್ ಮತ್ತು ಜೆಫ್ರಿ ಚಾಕು ಹಿಡಿದಾಗ ಆಲ್ಮಾ ಹತ್ತಿರ ಹೋಗಲಿಲ್ಲ. ಹಿಂದಿನ ಗೋಡೆಗೆ ಅಂಟಿಕೊಂಡು ನಿಂತು, ಇಡೀ ಹಾಲಿನ ತಲೆಗಳ ಮೇಲಿಂದ ನನ್ನ ಕಡೆ ತುಟಿ ಆಡಿಸಿದಳು: “ಹೇಗಿದೆ?”

ಚಾಕು ಒಳಗೆ ಹೋಯಿತು, ತುಂಡು ಹೊರಗೆ ಬಂತು. ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಅಂಚಿನಿಂದ ನಡುವಿನವರೆಗೂ ಒಂದೇ ಕಡುಗಂದು, ಒಂದೇ ಬಿಗಿ. ಚಾಕುವಿನ ಅಲಗಿಗೆ ಏನೂ ಮೆತ್ತಿಕೊಂಡಿರಲಿಲ್ಲ. ಆಲ್ಮಾಳ ಕಡೆ ತಿರುಗಿದೆ. ದನಿ ಬೇಕಿಲ್ಲದ ಮಾತು ನಮ್ಮದಾದದ್ದು ಅವತ್ತು ನನಗೆ ದೊಡ್ಡ ಉಪಕಾರವಾಯಿತು.

“ಬೆಂದಿದೆ,” ಎಂದೆ.

ಆಲ್ಮಾ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಿಸೆಸ್ ಪಿಲ್ಲಿಂಗ್ ಅವಳ ಎದುರು ಬಂದು ನಿಂತು, ಬಾಯಿಯನ್ನು ಆದಷ್ಟು ಅಗಲಕ್ಕೆ ತೆರೆದು, ಏನನ್ನೋ ಮತ್ತೆ ಮತ್ತೆ ಹೇಳುತ್ತಿದ್ದಳು. ಆಲ್ಮಾ ಕೈ ತೆಗೆಯಲೇ ಇಲ್ಲ.